ಮನೆಗೆ ಬಂದ ಉದ್ಯೋಗ: ಅದರ ಗುಣದೋಷಗಳು



ದೂರದ ಕಚೇರಿಯ ಕೆಲಸವನ್ನು ಮನೆಯಲ್ಲಿಯೇ ಕುಳಿತು ಮಾಡುವ ಪದ್ಧತಿಯು ಈಗ ಎಲ್ಲರ ಬಾಯಲ್ಲಿರುವ ವಿಷಯ. 2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಪುಣೆ ಬೆಂಗಳೂರುಗಳ ಗಣಕಯಂತ್ರದ ಕಂಪನಿಗಳು ನೌಕರರನ್ನು ಮನೆಗೆ ಕಳಿಸಿ ಅಲ್ಲಿಂದಲೇ ಕೆಲಸ ಪಡೆದವು. ಇದನ್ನು ಹೊಸ ಯುಗದ ಸೃಷ್ಟಿಯೆಂದು ಹಲವರು ಬಣ್ಣಿಸುತ್ತಾರೆ. ಆದರೆ ಸೊಲ್ಲಾಪುರ ಸೀಮೆಯ ನಮಗೆ ಇದು ಹೊಸತೆ? ನಮ್ಮ ತಾಯಂದಿರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತ ಬಂದುದು ಇದೇ ಪದ್ಧತಿಯಲ್ಲವೆ?

ಕಾರಖಾನೆಯ ಶಾಖೆಯಲ್ಲಿ ತೂಗಿ ಕೊಟ್ಟ ತೆಂದು ಎಲೆ, ತಂಬಾಕುಗಳನ್ನು ಮನೆಗೆ ತಂದು, ಎಲೆ ನೆನೆಸಿ, ಕತ್ತರಿಸಿ, ಸುತ್ತಿ, ದಾರ ಕಟ್ಟಿ ಒಪ್ಪಿಸಿದರೆ ಸಾವಿರಕ್ಕಿಷ್ಟೆಂದು ಕೂಲಿ. ತೊಟ್ಟಿಲನ್ನೂ ಒಲೆಯನ್ನೂ ಬಿಡದೆ ನಾಲ್ಕು ಕಾಸು ಗಳಿಸುವ ಅನುಕೂಲ ಹೆಂಗಸಿಗೆ. ಕಟ್ಟಡ, ದೀಪ, ನೀರುಗಳ ವೆಚ್ಚವಿಲ್ಲದ ಅನುಕೂಲ ಮಾಲೀಕನಿಗೆ. ಗುಣಗಳು ಇವು. ದೋಷಗಳೇನು? ತಂಬಾಕಿನ ಧೂಳು ಮನೆಯಲ್ಲಿಯೇ ಉಳಿಯಿತು. ದುಡಿತಕ್ಕೆ ಹೊತ್ತು ಗೊತ್ತಿಲ್ಲದಾಯಿತು. ಕೆಟ್ಟದೆಂದು ಆರಿಸಿ ತೆಗೆದ ಬೀಡಿಗೆ ಕೂಲಿಯಿಲ್ಲ. ಒಬ್ಬೊಬ್ಬಳೇ ಕುಳಿತವಳ ಮಾತನ್ನು ಕೇಳುವವರಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಎಲೆ ಕತ್ತರಿಸುವ ಕತ್ತರಿಯು ಮಗಳ ಕೈಗೆ ಬಂದ ದಿನ ಅವಳ ಪುಸ್ತಕ ಗೂಡು ಸೇರಿತು. ಶಿಕ್ಷಕನಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಆದರೂ ಆ ತಾಯಂದಿರ ಇತಿಹಾಸ ಬರಿಯ ದುಃಖದ ಕಥೆಯಲ್ಲ. 1966ರ ಬೀಡಿ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ನೌಕರರೆಂದೇ ಎಣಿಸಿತು. ಮಾಲೀಕರು ಅದನ್ನು ಪ್ರಶ್ನಿಸಿದಾಗ, 1974ರಲ್ಲಿ ಮಂಗಳೂರು ಗಣೇಶ ಬೀಡಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. ಇಂಥವರಿಗೆ ಭವಿಷ್ಯನಿಧಿಯ ಹಕ್ಕೂ ಉಂಟೆಂದು 1985ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ನಮ್ಮ ತಾಲೂಕಿನ ಕುಂಭಾರಿಯಲ್ಲಿ ಗೋದಾವರಿ ಪರುಳೇಕರರ ಹೆಸರಿನಲ್ಲಿ ಬೀಡಿ ಕಾರ್ಮಿಕ ಮಹಿಳೆಯರಿಗಾಗಿ ಹತ್ತು ಸಾವಿರ ಮನೆಗಳೆದ್ದವು. 2006ರಲ್ಲಿ ಪ್ರಧಾನಿ ಮನಮೋಹನ ಸಿಂಗರು ಅವನ್ನು ಹಸ್ತಾಂತರಿಸಿದರು. ಚದರಿ ಕುಳಿತವರು ಒಂದುಗೂಡಿ ನಿಂತುದರ ಫಲವಿದು.

ಈಗ ಗಣಕಯಂತ್ರದ ಕೆಲಸವನ್ನು ನೋಡೋಣ. ಚೀನಾದ ಸೀಟ್ರಿಪ್ ಎಂಬ ಪ್ರವಾಸಿ ಕಂಪನಿಯು 2010-11ರಲ್ಲಿ ಶಾಂಘೈ ನಗರದ ಸುಮಾರು 250 ನೌಕರರಲ್ಲಿ ಅರ್ಧ ಜನರನ್ನು ಒಂಬತ್ತು ತಿಂಗಳು, ವಾರಕ್ಕೆ ನಾಲ್ಕು ದಿನ, ಮನೆಯಲ್ಲಿರಿಸಿ ಪರೀಕ್ಷಿಸಿತು. ಮನೆಯಲ್ಲಿದ್ದವರ ಕೆಲಸ ಶೇಕಡಾ 13ರಷ್ಟು ಹೆಚ್ಚಿತು. ನೌಕರಿ ಬಿಟ್ಟು ಹೋಗುವವರ ಸಂಖ್ಯೆ ಅರ್ಧಕ್ಕಿಳಿಯಿತು. ಕಂಪನಿಗೆ ಜಾಗದ ಬಾಡಿಗೆ ಉಳಿಯಿತು. ಆದರೆ ಸಮಾನವಾಗಿ ದುಡಿದರೂ ಅವರಿಗೆ ಬಡತಿ ಕಡಿಮೆ ದೊರೆಯಿತು. ಅವಧಿ ಮುಗಿದ ಮೇಲೆ ಅವರಲ್ಲಿ ಸುಮಾರು ಅರ್ಧ ಜನ ಒಂಟಿತನಕ್ಕೆ ಬೇಸತ್ತು ಕಚೇರಿಗೇ ಮರಳಿದರು. ಕಂಪನಿಗೂ ಹಾನಿಯುಂಟು: ಹೊಸಬನು ಹಿರಿಯನ ಪಕ್ಕದಲ್ಲಿ ಕುಳಿತು, ನೋಡಿ, ಕೇಳಿ ಕಲಿಯುವ ವಿದ್ಯೆಯು ತಂತಿಯ ಮೂಲಕ ಪೂರ್ಣವಾಗಿ ಹರಿಯದು.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಹಿತವಿದೆ. ಓದಿದ ತರುಣನು ಊರು ಬಿಟ್ಟು ಹೋದರೆ ಅವನ ಸಂಗಡ ಒಂದು ಮನೆಯ ಕನ್ನಡವೂ ಹೋಗುತ್ತದೆ. ಆತನು ಮಂದ್ರೂಪದಲ್ಲಿಯೇ ಇದ್ದು ದುಡಿಯುವಂತಾದರೆ, ಆತನ ಮಕ್ಕಳು ಅಜ್ಜಿಯ ಬಾಯಿಂದ ಕನ್ನಡ ಕಲಿತು ನಮ್ಮ ಶಾಲೆಯ ಮೆಟ್ಟಿಲು ಹತ್ತಿಯಾರು. ಗಡಿಯ ಕನ್ನಡ ಶಾಲೆ ಉಳಿಯುವುದು ಭಾಷಣಗಳಿಂದಲ್ಲ, ಮಕ್ಕಳಿಂದ.

ಆದುದರಿಂದ ಈ ಪದ್ಧತಿಯನ್ನು ಕಣ್ಣು ಮುಚ್ಚಿ ಹೊಗಳುವುದೂ ಬೇಡ, ಹಳಿಯುವುದೂ ಬೇಡ. ದುಡಿಮೆಗೆ ಗೊತ್ತಾದ ಹೊತ್ತು, ವಿದ್ಯುತ್ತು ಸಲಕರಣೆಗಳ ವೆಚ್ಚ, ನೌಕರನೆಂಬ ಲಿಖಿತ ಆಧಾರ, ಜೊತೆಗಾರರನ್ನು ಕೂಡುವ ಸ್ವಾತಂತ್ರ್ಯ, ಈ ನಾಲ್ಕನ್ನು ನಮ್ಮ ತರುಣ ತರುಣಿಯರು ಮೊದಲೇ ಕೇಳಿ ಪಡೆಯಲಿ. ಅಂಥವರು ಹಗಲು ಒಟ್ಟಿಗೆ ಕುಳಿತು ಕೆಲಸ ಮಾಡಲು ಸಂಘವು ಒಂದು ಕೋಣೆಯನ್ನು ಒದಗಿಸಲಿ. ಸಂಜೆ ಅದೇ ಕೋಣೆ ಮಕ್ಕಳ ಓದಿಗಾಗಲಿ. ಮೊರದ ಮುಂದೆ ಕುಳಿತ ತಾಯಿ ಬಹುಕಾಲ ಸವೆದು ಕಲಿತ ಪಾಠವನ್ನು ಯಂತ್ರದ ಮುಂದೆ ಕುಳಿತ ಮಗಳು ಮತ್ತೆ ಮೊದಲಿನಿಂದ ಕಲಿಯುವಂತಾಗಬಾರದು.