ದೂರದರ್ಶನ, ದೂರವಾಣಿ ಮತ್ತು ನಮ್ಮ ಹಳ್ಳಿ

(ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರೈತರು ಮತ್ತು ಮಹಿಳಾ ಮಂಡಲದ ಸದಸ್ಯರು ಸೇರಿದ್ದ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಇಂದು ಬೀಜ, ಗೊಬ್ಬರಗಳ ವಿಷಯವನ್ನು ಬದಿಗಿಟ್ಟು, ತಮ್ಮ ಗೋಡೆಯ ಮೇಲಿರುವ ಮತ್ತು ಜೇಬಿನಲ್ಲಿರುವ ಎರಡು ಉಪಕರಣಗಳ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅವು ಟೆಲಿವಿಷನ್ ಮತ್ತು ಮೊಬೈಲ್.

ಇವು ಹಳ್ಳಿಗೆ ಸುಲಭವಾಗಿ ಬಂದವಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಮ್ಮ ದೇಶದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳನ್ನು ನೇರವಾಗಿ ಮುಟ್ಟಿಸಲಾಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದರಲ್ಲಿ ಸೇರಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ; ಸಂಜೆ ವ್ಯವಸಾಯ, ಆರೋಗ್ಯ, ಮನರಂಜನೆ. ನಮ್ಮ ತುಮಕೂರು ಜಿಲ್ಲೆಗೆ ಆ ಭಾಗ್ಯ ಇರಲಿಲ್ಲ. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದುದು 1981ರಲ್ಲಿ.

ದೂರವಾಣಿಯ ಕಥೆಯೂ ಹೀಗೆಯೇ. ಸೆಕೆ, ಧೂಳುಗಳನ್ನು ತಡೆದು, ಹವಾನಿಯಂತ್ರಣವಿಲ್ಲದೆ ಕೆಲಸ ಮಾಡುವ ಗ್ರಾಮಾಂತರ ವಿನಿಮಯ ಕೇಂದ್ರವನ್ನು ನಮ್ಮ ದೇಶದ ಎಂಜಿನಿಯರುಗಳೇ ರೂಪಿಸಿದರು. ಅದನ್ನು 1986ರಲ್ಲಿ ಮೊದಲು ನೆಲೆಗೊಳಿಸಿದ್ದು ನಮ್ಮ ಕಿತ್ತೂರಿನಲ್ಲಿ ಎಂಬುದು ಹೆಮ್ಮೆಯ ಮಾತು.

ಆಗ ಊರಿಗೊಂದು ಪೆಟ್ಟಿಗೆ. ನೋಡುವಾಗ ಪಕ್ಕದಲ್ಲಿ ಕುಳಿತವನು "ಇದು ನಮ್ಮ ನೆಲಕ್ಕೆ ಒಗ್ಗೀತೇ?" ಎಂದು ಕೇಳಬಹುದಾಗಿತ್ತು. ಈಗ ಒಬ್ಬೊಬ್ಬರ ಕೈಗೂ ಒಂದೊಂದು ಪೆಟ್ಟಿಗೆ ಬಂದಿದೆ; ಆದರೆ ಪಕ್ಕದಲ್ಲಿ ಕೇಳುವವನಿಲ್ಲ. ಕಷ್ಟ ಇರುವುದು ಇಲ್ಲಿಯೇ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ತೆಂಗಿನ ಗರಿಗಳ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಬಿಳಿಯ ಮೇಣವಿಡುವ ಬಿಳಿನೊಣವನ್ನು ತಾವು ಬಲ್ಲಿರಿ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ಕಡೆ ಕಾಣಿಸಿಕೊಂಡ ಈ ಪಿಡುಗು ನಮ್ಮ ತೋಟಗಳಿಗೂ ಬಂದಿದೆ. ಅದರ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಗರಿ ಮಸಿ ಬಳಿದಂತಾಗುತ್ತದೆ. ಉಗ್ರವಾದ ಕೀಟನಾಶಕ ಹೊಡೆದರೆ ಮೂರೇ ದಿನದಲ್ಲಿ ನೊಣ ನಾಶ ಎಂಬ ವೀಡಿಯೋ ನನಗೆ ಬಂದಿತು. ನಾನು ಪೂರ್ತಿ ನೋಡದೆ ವಾಟ್ಸಾಪ್ ಗುಂಪಿಗೆ ಕಳುಹಿಸಿಬಿಟ್ಟೆ. ಕುಣಿಗಲ್ ಕಡೆಯ ರೈತರೊಬ್ಬರು ಸಾಲ ಮಾಡಿ ಔಷಧಿ ಹೊಡೆಸಿದರು. ಕೆಲವು ವಾರ ನೊಣ ತಗ್ಗಿತು. ಅನಂತರ ಮೊದಲಿಗಿಂತ ಹೆಚ್ಚಾಗಿ ಬಂದಿತು.

ಕಾರಣವೇನು? ಈ ನೊಣದ ಮರಿಗಳನ್ನು ಕೊಲ್ಲುವ ಎನ್ಕಾರ್ಸಿಯಾ ಎಂಬ ಸಣ್ಣ ಕಣಜವೊಂದು ತೋಟದಲ್ಲಿಯೇ ಬೆಳೆಯುತ್ತದೆ. ವಿಷ ಹೊಡೆದರೆ ಶತ್ರುವಿಗಿಂತ ಮೊದಲು ಸಾಯುವುದು ಈ ಮಿತ್ರ. ಆದ್ದರಿಂದ ವಿಜ್ಞಾನಿಗಳು ಕೀಟನಾಶಕ ಬೇಡವೆನ್ನುತ್ತಾರೆ. ಹಳದಿ ಅಂಟುಬಲೆ ಕಟ್ಟುವುದು, ಗಿಡ ಚಿಕ್ಕದಾದರೆ ಗರಿಯ ಅಡಿಗೆ ರಭಸವಾಗಿ ನೀರು ಹೊಡೆಯುವುದು, ಬೂಷ್ಟಿಗೆ ಶೇಕಡಾ 1ರ ಗಂಜಿಯ ದ್ರಾವಣ ಸಿಂಪಡಿಸುವುದು, ಇಷ್ಟು ಸಾಕು.

ಆ ರೈತರು ನನ್ನನ್ನು ಬೈಯಲಿಲ್ಲ. "ನೀವು ಡಿಪ್ಲೊಮಾ ಓದಿದವರು, ಕಳುಹಿಸಿದ್ದೀರಲ್ಲಾ ಎಂದು ನಂಬಿದೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಟೆಲಿವಿಷನ್ ಹೇಳುತ್ತದೆ, ನಾವು ಕೇಳುತ್ತೇವೆ. ದೂರವಾಣಿಯ ಗುಣ ಬೇರೆ. ಅದರಲ್ಲಿ ನಾವು ತಿರುಗಿ ಪ್ರಶ್ನೆ ಕೇಳಬಹುದು. ಆ ಗುಣವನ್ನು ಬಳಸಿಕೊಳ್ಳಿರಿ. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ ಸಂಖ್ಯೆ 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲಿಯೇ, ಖರ್ಚಿಲ್ಲದೆ ಕೇಳಬಹುದು. ಇಲ್ಲವೇ ಹಿರೇಹಳ್ಳಿ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ರೋಗ ಹಿಡಿದ ಗರಿಯನ್ನೇ ಒಯ್ಯಿರಿ. ಹೊಸ ಔಷಧಿಯನ್ನು ಮೊದಲು ಎರಡು ಮರಕ್ಕೆ ಮಾತ್ರ ಪ್ರಯೋಗಿಸಿರಿ.

ಫೋನಿನಲ್ಲಿ ಯಾರೇ ಓಟಿಪಿ ಕೇಳಿದರೂ ಹೇಳಬೇಡಿರಿ. ಮೋಸ ಹೋದಿರಾದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930ಕ್ಕೆ ಕರೆಮಾಡಿರಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಸೋದರಿಯರಿಗೆ ಒಂದು ಮಾತು. ಹಸುವಿನ ಕೆಚ್ಚಲು ಬಾತಿದೆಯೆಂದು ಮೊದಲು ತಿಳಿಯುವುದು ಹಾಲು ಕರೆಯುವವರಿಗೆ. ಫೋನು ಗಂಡಸರ ಜೇಬಿನಲ್ಲಿಯೇ ಇದ್ದರೆ ವೈದ್ಯರನ್ನು ಕರೆಯುವವರಾರು? ತಾವೂ ಅದನ್ನು ಬಳಸಲು ಕಲಿಯಬೇಕು.

ಕೊನೆಯದಾಗಿ ನನ್ನ ಪ್ರಾರ್ಥನೆ ಇಷ್ಟೆ. ವಾರಕ್ಕೊಂದು ಸಂಜೆ ಈ ಜಗುಲಿಯಲ್ಲಿ ಸೇರೋಣ. ಆ ವಾರ ಬಂದ ಒಂದು ಕೃಷಿ ವೀಡಿಯೋವನ್ನು ಎಲ್ಲರೂ ಕೂಡಿ ನೋಡೋಣ. ಹೇಳಿದವರು ಯಾರು, ಯಾವ ಊರಿನ ಮಾತು, ಮಾರುವ ಸರಕು ಅವರ ಬಳಿ ಏನಾದರೂ ಇದೆಯೇ ಎಂದು ವಿಚಾರಿಸೋಣ. ನಾನು ಕಳುಹಿಸಿದ್ದನ್ನೂ ಹಾಗೆಯೇ ವಿಚಾರಿಸಿರಿ. ಮೊದಲನೆಯ ಸಂಜೆ ನಾನೇ ಬಂದು ಚಾಪೆ ಹಾಸುತ್ತೇನೆ.