ಘಟ್ಟದ ರೈಲು ಮೇಜಿನ ಮೇಲೆ

ಮಕ್ಕಳೇ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ರೈಲಿನಲ್ಲಿ ಹೋಗಿದ್ದೀರಾ? ಸುಮಾರು 55 ಕಿಲೋಮೀಟರ್ ದಾರಿ. ಅಷ್ಟರಲ್ಲೇ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಸುರಂಗದ ಕತ್ತಲೆ ಮುಗಿಯಿತು ಅನ್ನುವಷ್ಟರಲ್ಲಿ ಹಸಿರು ಕಣಿವೆ, ಕಣಿವೆ ದಾಟುತ್ತಲೇ ಇನ್ನೊಂದು ಸುರಂಗ!

ಇಂಥ ದಾರಿಯನ್ನು ಬೆಟ್ಟ, ಕಾಡು, ನಿಲ್ದಾಣಗಳ ಸಮೇತ ಹಲಗೆಯ ಮೇಲೆ ಪುಟ್ಟದಾಗಿ ಕಟ್ಟಿ, ಅದರಲ್ಲಿ ರೈಲು ಓಡಿಸುವ ಹವ್ಯಾಸವೊಂದಿದೆ. ಅದೇ ಮಾದರಿ ರೈಲು. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 2001ರಲ್ಲಿ ಶುರುವಾದ ಮಿನಿಯಾಟುರ್ ವುಂಡರ್‌ಲ್ಯಾಂಡ್ ಇಂಥದೊಂದು ದೊಡ್ಡ ಪುಟಾಣಿ ಲೋಕ. ನಮ್ಮ ಪಕ್ಕದ ಪುಣೆಯಲ್ಲೂ ಜೋಶಿ ಅವರ ಪುಟಾಣಿ ರೈಲಿನ ಮ್ಯೂಸಿಯಂ ಇದೆ. ಮನೆಯ ಒಂದು ಮೂಲೆಯಲ್ಲೇ ರೈಲುದಾರಿ ಕಟ್ಟಿಕೊಂಡವರು ಲೋಕದ ತುಂಬ ಇದ್ದಾರೆ.

ಬನ್ನಿ, ನಾವೂ ಘಟ್ಟವನ್ನು ಮೇಜಿನ ಮೇಲೆ ಕಟ್ಟಿ ನೋಡೋಣ. ಕಟ್ಟುತ್ತ ಹೋದಂತೆ ಒಂದು ಸೋಜಿಗ ಕಾಣಿಸುತ್ತದೆ. ಎಲ್ಲವನ್ನೂ ಚಿಕ್ಕದು ಮಾಡಲು ಹೊರಟರೂ ಎಲ್ಲವೂ ಒಂದೇ ಸಮನಾಗಿ ಚಿಕ್ಕದಾಗುವುದಿಲ್ಲ!

ಎಷ್ಟು ಪುಟ್ಟದು?

ಮಾದರಿ ರೈಲಿನವರು ಬಹಳವಾಗಿ ಬಳಸುವ ಅಳತೆಗೆ ಎಚ್‌ಒ ಎಂದು ಹೆಸರು. ಅದರಲ್ಲಿ ಪ್ರತಿಯೊಂದೂ ನಿಜದ 87ರಲ್ಲಿ ಒಂದು ಪಾಲು. ನಮ್ಮ ಹಳೆಯ ನೀಲಿ ಬೋಗಿಯ ಉದ್ದ ಸುಮಾರು 21.3 ಮೀಟರ್. 87ರಿಂದ ಭಾಗಿಸಿದರೆ ಸುಮಾರು 24.5 ಸೆಂಟಿಮೀಟರ್. 1.74 ಮೀಟರ್ ಎತ್ತರದ ಸ್ಟೇಷನ್ ಮಾಸ್ಟರ್ ಬರೀ 2 ಸೆಂಟಿಮೀಟರ್ ಆಗುತ್ತಾರೆ.

ಈಗ ಇಡೀ ದಾರಿಯನ್ನು ಭಾಗಿಸಿ. 55 ಕಿಲೋಮೀಟರ್ ಕುಗ್ಗಿದರೂ 630 ಮೀಟರಿಗಿಂತ ಹೆಚ್ಚು! ಯಾರ ಮನೆಯಲ್ಲೂ ಅಷ್ಟು ಜಾಗ ಇರುವುದಿಲ್ಲ. ಹಾಗಾಗಿ ಆರಿಸಿಕೊಳ್ಳಬೇಕು: ಕಾಡಿನ ನಡುವಿನ ಎಡಕುಮೇರಿ ನಿಲ್ದಾಣ, ಎತ್ತರದ ಒಂದು ಸೇತುವೆ, ಎರಡು ಸುರಂಗ. ನೋಡಿದವರು ‘ಇದು ನಮ್ಮ ಘಟ್ಟ’ ಎಂದು ಗುರುತಿಸುವಂಥ ಭಾಗಗಳಷ್ಟೇ ಸಾಕು.

ತಿರುವಿನದೂ ಇದೇ ಕಷ್ಟ. ನಮ್ಮ ಬ್ರಾಡ್‌ಗೇಜ್ ಹಳಿಯ ತೀರಾ ಬಿಗಿಯಾದ ತಿರುವಿಗೂ 175 ಮೀಟರ್ ತ್ರಿಜ್ಯ ಬೇಕು. ಮಾದರಿಯಲ್ಲಿ ಅದು 2 ಮೀಟರ್. ರೈಲು ಅರ್ಧ ಸುತ್ತು ತಿರುಗಿ ಬರಲು 4 ಮೀಟರ್ ಅಗಲದ ಜಾಗ ಬೇಕಾಯಿತು. ಮನೆಯಲ್ಲಿ ಅರ್ಧ ಮೀಟರ್ ತ್ರಿಜ್ಯಕ್ಕೇ ತೃಪ್ತಿಪಡಬೇಕು. ಆದರೆ ಅಷ್ಟು ಬಿಗಿ ತಿರುವಿನಲ್ಲಿ ಉದ್ದನೆಯ ಬೋಗಿಯ ನಡುಭಾಗ ಹಳಿಯಿಂದ ಒಳಕ್ಕೆ, ತುದಿಗಳು ಹೊರಕ್ಕೆ ಚಾಚಿಕೊಂಡು ಕಾಣುತ್ತವೆ. ಬಲ್ಲವರು ಅಂಥ ತಿರುವನ್ನು ಸುರಂಗದೊಳಗೆ ಅಡಗಿಸುತ್ತಾರೆ. ಸುರಂಗಗಳಿಗೆ ಹೆಸರಾದ ನಮ್ಮ ಘಟ್ಟ ಇದಕ್ಕೆ ಹೇಳಿ ಮಾಡಿಸಿದಂತಿದೆ.

ತೂಕದ ಲೆಕ್ಕವೇ ಬೇರೆ

ಸರಕು ರೈಲುಗಳನ್ನು ಎಳೆಯುವ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ನಿನ ತೂಕ 126 ಟನ್. ಅದನ್ನೂ 87ರಿಂದ ಭಾಗಿಸಿದರೆ ಸುಮಾರು 1,450 ಕಿಲೋಗ್ರಾಂ. ಪುಟ್ಟ ಎಂಜಿನ್ ಒಂದು ಕಾರಿನಷ್ಟು ತೂಗಲು ಸಾಧ್ಯವೇ? ಎಲ್ಲೋ ಲೆಕ್ಕ ತಪ್ಪಿದೆ.

ರೂಬಿಕ್ ಕ್ಯೂಬ್ ಕೈಗೆತ್ತಿಕೊಳ್ಳಿ. ಅಂಚಿನಲ್ಲಿ 3 ಚೌಕ, ಒಂದು ಮುಖದಲ್ಲಿ 9. ಒಳಗಿನ ಜಾಗವನ್ನೂ ಸೇರಿಸಿದರೆ ಒಟ್ಟು 27 ಪುಟ್ಟ ಘನಗಳು. ಉದ್ದ 3 ಪಟ್ಟಾದರೆ ಮೇಲ್ಮೈ 3×3, ಒಳತುಂಬು 3×3×3 ಪಟ್ಟಾಗುತ್ತದೆ. ತೂಕ ಹೋಗುವುದು ಒಳತುಂಬಿನ ಜೊತೆಗೆ. ಆದ್ದರಿಂದ ತೂಕವನ್ನು 87×87×87, ಅಂದರೆ 6,58,503ರಿಂದ ಭಾಗಿಸಬೇಕು. ಆಗ ನಮ್ಮ ಎಂಜಿನ್ ಸುಮಾರು 190 ಗ್ರಾಂ!

ಸೇತುವೆಯ ಕಂಬದ ಬಲ ಮಾತ್ರ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಹಿಡಿದು ನಿಲ್ಲುತ್ತದೆ. ಅದು 87×87 ಪಾಲಷ್ಟೇ ಕುಗ್ಗುತ್ತದೆ. ಹೊರಬೇಕಾದ ತೂಕ ಅದಕ್ಕಿಂತ ಇನ್ನೂ 87 ಪಟ್ಟು ಹೆಚ್ಚು ಕುಗ್ಗುತ್ತದೆ. ತೆಳ್ಳನೆಯ ರಟ್ಟು, ಕಡ್ಡಿಗಳ ಸೇತುವೆ ರೈಲನ್ನು ಸಲೀಸಾಗಿ ಹೊರುವುದು ಈ ಕಾರಣಕ್ಕೆ. ಅದೇ ಸೇತುವೆಯನ್ನು ಹಾಗೆಯೇ ಹಿಗ್ಗಿಸಿದರೆ ತನ್ನ ಭಾರಕ್ಕೇ ಕುಸಿದೀತು. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವಿಷಯವನ್ನು ವಿವರಿಸಿದ್ದ.

ಹಗುರವಾಗಿರುವುದರಲ್ಲೂ ತೊಂದರೆ ಇದೆ. ಲೆಕ್ಕದ ಪ್ರಕಾರ ಮಾದರಿ ಬೋಗಿ 60 ಗ್ರಾಂ ಆಸುಪಾಸು ತೂಗಬೇಕು. ಆದರೆ ಹಳಿಗಳ ಜೋಡಣೆಯಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಅಷ್ಟು ಹಗುರ ಬೋಗಿ ಹಳಿ ತಪ್ಪುತ್ತದೆ. ಅದಕ್ಕೇ ಹವ್ಯಾಸಿಗಳು ಬೋಗಿಯ ತಳದಲ್ಲಿ ಲೋಹದ ತುಂಡುಗಳನ್ನು ಅಂಟಿಸಿ ತೂಕ ಹೆಚ್ಚಿಸುತ್ತಾರೆ.

ಕುಗ್ಗಲು ಒಪ್ಪದವು

ಘಟ್ಟದ ಏರು 50ಕ್ಕೆ 1. ಅಂದರೆ 50 ಮೀಟರ್ ಸಾಗಿದಾಗ ರೈಲು 1 ಮೀಟರ್ ಮೇಲೇರುತ್ತದೆ. ಮಾದರಿಯಲ್ಲೂ ಅದು 50ಕ್ಕೆ 1 ಆಗಿಯೇ ಉಳಿಯುತ್ತದೆ, ಏಕೆಂದರೆ ಚಿಕ್ಕದಾದರೂ ಕೋನ ಬದಲಾಗುವುದಿಲ್ಲ. ಕೆಳಗಿನ ಹಳಿಯನ್ನು ದಾಟಲು ಮೇಲಿನ ಹಳಿ 8 ಸೆಂಟಿಮೀಟರ್ ಏರಬೇಕೆಂದರೆ 4 ಮೀಟರ್ ಉದ್ದದ ದಾರಿ ಬೇಕು.

ನೀರಂತೂ ತೀರಾ ಹಟಮಾರಿ. ಮೇಲ್ಮೈ ಸೆಳೆತದಿಂದಾಗಿ ಅದು ಹನಿಗಟ್ಟುತ್ತದೆ, ಆ ಹನಿಯ ಗಾತ್ರವನ್ನು ನಾವು ಕುಗ್ಗಿಸಲಾರೆವು. 3 ಮಿಲಿಮೀಟರಿನ ಒಂದು ಹನಿ ಪುಟಾಣಿ ಲೋಕದಲ್ಲಿ 26 ಸೆಂಟಿಮೀಟರಿಗೆ ಸಮ. ಆ ಊರಿನವರ ಕಣ್ಣಿಗೆ ಅದು ಕುಂಬಳಕಾಯಿ ಗಾತ್ರದ ಹನಿ! ಆದ್ದರಿಂದ ಹಳ್ಳ, ಜಲಪಾತಗಳನ್ನು ಗಟ್ಟಿಯಾಗುವ ಪಾರದರ್ಶಕ ರೆಸಿನ್‌ನಿಂದ ಮಾಡುತ್ತಾರೆ.

ದೂರದ ಬೆಟ್ಟಗಳು ನೀಲಿಯಾಗಿ ಕಾಣುವುದನ್ನು ಗಮನಿಸಿದ್ದೀರಲ್ಲ? ಬೆಟ್ಟಕ್ಕೂ ನಮಗೂ ನಡುವೆ ಇರುವ ಗಾಳಿ ಬಿಸಿಲಿನ ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುತ್ತದೆ. ಮೇಜಿನ ಮೇಲೆ ಅಷ್ಟೊಂದು ಗಾಳಿ ಎಲ್ಲಿದೆ? ಅದಕ್ಕಾಗಿ ಹಿಂದಿನ ಪರದೆಯ ಬೆಟ್ಟಗಳಿಗೆ ತೆಳು ನೀಲಿ ಬಳಿಯುತ್ತಾರೆ. ಮರ, ಮನೆಗಳ ಬಣ್ಣಕ್ಕೂ ಚೂರು ಬಿಳಿ ಬೆರೆಸುತ್ತಾರೆ. ಗಾಳಿ ಮಾಡುವ ಕೆಲಸವನ್ನು ಕುಂಚ ಮಾಡುತ್ತದೆ.

ಕಾಲವೂ ಕುಗ್ಗುವುದಿಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದ ರೈಲು ಮಾದರಿಯಲ್ಲಿ ಸೆಕೆಂಡಿಗೆ 10 ಸೆಂಟಿಮೀಟರಿಗಿಂತ ತುಸು ಕಡಿಮೆ ಸಾಗಬೇಕು. ಅಷ್ಟು ನಿಧಾನವಾಗಿ ಹೋದರೂ 5 ಮೀಟರ್ ದೂರದ ಮುಂದಿನ ನಿಲ್ದಾಣ ಒಂದು ನಿಮಿಷದೊಳಗೆ ಬಂದುಬಿಡುತ್ತದೆ! ವೇಳಾಪಟ್ಟಿಯಂತೆ ರೈಲು ಓಡಿಸುವವರು ಇದಕ್ಕಾಗಿ ಬೇಗ ತಿರುಗುವ ಗಡಿಯಾರ ಇಟ್ಟುಕೊಳ್ಳುತ್ತಾರೆ. ನಮ್ಮ 1 ನಿಮಿಷ ಅಲ್ಲಿ 6 ನಿಮಿಷ ಆಗಬಹುದು.

ನನ್ನ ಹಳಿ, ನಿನ್ನ ರೈಲು

ಕಟ್ಟಿದ್ದನ್ನು ನಾಲ್ಕು ಜನರ ಜೊತೆ ಹಂಚಿಕೊಂಡಾಗಲೇ ಈ ಹವ್ಯಾಸದ ಪೂರ್ತಿ ಸಂತೋಷ. ಗೆಳೆಯನ ರೈಲು ನನ್ನ ಹಳಿಯ ಮೇಲೆ ಓಡಬೇಕಾದರೆ ಇಬ್ಬರ ಅಳತೆಯೂ ಒಂದೇ ಇರಬೇಕು. ಅಮೆರಿಕದ ಹವ್ಯಾಸಿಗಳು 1935ರಲ್ಲಿ ರಾಷ್ಟ್ರೀಯ ಮಾದರಿ ರೈಲು ಸಂಘ ಕಟ್ಟಿಕೊಂಡು, ಗಾಲಿಯ ಅಂಚು ಎಷ್ಟಿರಬೇಕು, ಹಳಿಗಳ ನಡುವೆ ಎಷ್ಟು ಅಂತರ ಎಂಬ ನಿಯಮಗಳನ್ನು ಗೊತ್ತುಮಾಡಿದರು.

ನಮ್ಮ ಬ್ರಾಡ್‌ಗೇಜ್ ಹಳಿಗಳ ಅಂತರ 1,676 ಮಿಲಿಮೀಟರ್. ಮಾದರಿಯಲ್ಲಿ ಅದು 19.3 ಮಿಲಿಮೀಟರ್ ಆಗಬೇಕು. ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿಲಿಮೀಟರಿನದು. ಅದು ಯುರೋಪ್, ಅಮೆರಿಕಗಳ 1,435 ಮಿಲಿಮೀಟರ್ ಅಂತರಕ್ಕೆ ಹೊಂದುವಂಥದು. ಭಾರತದ ಎಷ್ಟೋ ಹವ್ಯಾಸಿಗಳು ಸುಮಾರು 3 ಮಿಲಿಮೀಟರಿನ ಆ ವ್ಯತ್ಯಾಸವನ್ನು ಒಪ್ಪಿಕೊಂಡು 16.5ರ ಹಳಿಯನ್ನೇ ಬಳಸುತ್ತಾರೆ. ಆಗ ಅವರ ರೈಲು ಎಲ್ಲರ ಹಳಿಯ ಮೇಲೂ ಓಡುತ್ತದೆ. ಇದು ಒಳ್ಳೆಯ ಆಯ್ಕೆ ಎಂದೇ ನಾನು ನಂಬಿದ್ದೇನೆ.

ಇನ್ನೊಂದು ಚೆಂದದ ಉಪಾಯವೂ ಉಂಟು. ಒಬ್ಬರೇ ದೊಡ್ಡ ದಾರಿ ಕಟ್ಟುವ ಬದಲು ಒಬ್ಬೊಬ್ಬರು ಒಂದೊಂದು ಹಲಗೆ ಕಟ್ಟುತ್ತಾರೆ. ಹಲಗೆಯ ಎರಡು ತುದಿಗಳಿಗೆ ಮಾತ್ರ ನಿಯಮ: ಹಳಿ ಎಲ್ಲಿ ಬರಬೇಕು, ನೆಲದಿಂದ ಎಷ್ಟು ಎತ್ತರ, ಯಾವ ತಂತಿ ಯಾವ ಹಳಿಗೆ. ತಂತಿ ಅದಲುಬದಲಾದರೆ ಶಾರ್ಟ್ ಸರ್ಕ್ಯೂಟ್ ಆಗಿ ರೈಲು ನಿಂತುಬಿಡುತ್ತದೆ. ತುದಿಗಳ ನಡುವೆ ಅವರವರ ಇಷ್ಟ: ಒಬ್ಬರದು ಕಾಡು, ಇನ್ನೊಬ್ಬರದು ಸಂತೆ, ಮತ್ತೊಬ್ಬರದು ಬಂದರು. ಯುರೋಪಿನಲ್ಲಿ ಫ್ರೆಮೊ ಎಂಬ ಬಳಗ 1981ರಿಂದ ಹೀಗೆ ಒಟ್ಟುಸೇರುತ್ತಿದೆ. ಸಭಾಂಗಣದಲ್ಲಿ ಎಲ್ಲರ ಹಲಗೆ ಜೋಡಿಸಿದಾಗ, ಯಾರೊಬ್ಬರಿಂದಲೂ ಕಟ್ಟಲಾಗದಷ್ಟು ಉದ್ದದ ದಾರಿ ಸಿದ್ಧ!

ನೀವೂ ಮಾಡಬಹುದು. ರೈಲು ಕೊಳ್ಳುವ ಮೊದಲೇ ನಾಲ್ಕೈದು ಗೆಳೆಯರು ಸೇರಿ ಒಂದೊಂದು ರಟ್ಟು ಹಿಡಿದುಕೊಳ್ಳಿ. ತುದಿಯ ನಿಯಮವನ್ನು ಮಾತಾಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹಳಿಯನ್ನು ಸದ್ಯಕ್ಕೆ ಪೆನ್ಸಿಲ್‌ನಿಂದ ಗೀಚಿದರೂ ಸಾಕು. ನಿಮ್ಮ ಶಾಲೆ, ಓಣಿಯ ಅರಳಿಕಟ್ಟೆ, ಊರಿನ ಬಸ್ ನಿಲ್ದಾಣಗಳನ್ನು ಟೇಪ್ ಹಿಡಿದು ಅಳೆಯಿರಿ, 87ರಿಂದ ಭಾಗಿಸಿ, ರಟ್ಟಿನ ಮೇಲೆ ಎಬ್ಬಿಸಿ. ಜೋಡಿಸುವ ದಿನ ಗೆರೆಗೆ ಗೆರೆ ಕೂಡಿದರೆ ನಿಮ್ಮೆಲ್ಲರ ಅಳತೆ ಸರಿಯಾಗಿದೆ. ಕೂಡದಿದ್ದರೆ ಯಾವ ತುದಿಯಲ್ಲಿ ಎಷ್ಟು ತಪ್ಪಿದೆ ಎಂದು ಒಟ್ಟಿಗೆ ಅಳೆದು ತಿದ್ದಿಕೊಳ್ಳಿ.