ಪ್ರಾಯಕ್ಕೆ ಬಂದ ಅಂಗವಿಕಲರೂ ವೈದ್ಯರ ನಾಟಕಪಾಠವೂ



ನಾನು ವೈದ್ಯವೃತ್ತಿಯವನು, ನಾಟಕದ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗಿಲ್ಲ. ಆದರೂ ಅಪ್ಪಣೆಯಾದುದರಿಂದ, ನಾಟಕವು ನನ್ನಂಥವರಿಗೆ ಗುರುವಾಗಬಲ್ಲ ಬಗೆಯೊಂದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಅಂಗವೈಕಲ್ಯದೊಡನೆ ಹುಟ್ಟಿದ ಕೂಸುಗಳಲ್ಲಿ ಬಹುಮಂದಿ ಈಗ ಬದುಕಿ ಪ್ರಾಯಕ್ಕೆ ಬರುತ್ತಾರೆ. ತೊಡಕು ಅಲ್ಲಿಂದಲೇ ಪ್ರಾರಂಭ. ಮಕ್ಕಳ ವೈದ್ಯರ ಬಾಗಿಲು ಮುಚ್ಚುತ್ತದೆ. ದೊಡ್ಡವರ ವೈದ್ಯರಿಗೆ ಇವರ ಗುರುತೇ ಇರುವದಿಲ್ಲ. ಅಮೆರಿಕದ ಮೂರು ವೈದ್ಯಸಂಘಗಳು 2002ರಲ್ಲಿ ಕೂಡಿ, ಈ ದಾಟುವಿಕೆಯ ಯೋಜನೆಯು ರೋಗಿಯ 14ನೆಯ ವಯಸ್ಸಿನೊಳಗಾಗಿಯೇ ಬರಹದಲ್ಲಿ ಸಿದ್ಧವಾಗತಕ್ಕದ್ದೆಂದು ಸಾರಿದವು. ಇದನ್ನು ಉಪನ್ಯಾಸದಿಂದ ಕಲಿಸಬಹುದು. ಆದರೆ ಪ್ರಾಯದ ಮಗನನ್ನು ಎದುರಿಗಿಟ್ಟುಕೊಂಡು ವೈದ್ಯನು ತಾಯಿಯೊಡನೆಯೇ ಮಾತಾಡಿ ಮುಗಿಸುವ ದುರಭ್ಯಾಸವನ್ನು ಉಪನ್ಯಾಸವು ಬಿಡಿಸಲಾರದು. ನಾನೂ ಬಹುಕಾಲ ಹಾಗೆಯೇ ನಡೆದುಕೊಂಡವನು.

ಇದಕ್ಕೆ ಒದಗಿದ ರಂಗಪದ್ಧತಿಯು ಬ್ರೆಜಿಲ್ ದೇಶದ ಆಗಸ್ಟೋ ಬೋಆಲ್ ಎಂಬವನದು. 1971ರಲ್ಲಿ ಅಲ್ಲಿಯ ಸೈನಿಕ ಸರಕಾರವು ಅವನನ್ನು ಸೆರೆಯಲ್ಲಿಟ್ಟಿತು. ಬಳಿಕ ಅವನು ದೇಶಬಿಟ್ಟು ಹೋಗಬೇಕಾಯಿತು. ಪೆರು ದೇಶದಲ್ಲಿ ಅವನು ಆಟವಾಡಿಸುತ್ತಿದ್ದಾಗ, ಪ್ರೇಕ್ಷಕಳೊಬ್ಬಳು ಗಂಡನಿಂದ ವಂಚಿತಳಾದ ಹೆಂಡತಿಯು ಏನು ಮಾಡಬೇಕೆಂಬುದನ್ನು ಎಷ್ಟು ವಿವರಿಸಿದರೂ ನಟರಿಂದ ಅದು ಅವಳ ಮನಸ್ಸಿಗೆ ಬರುವಂತೆ ಆಗಲಿಲ್ಲವಂತೆ. ಕೊನೆಗೆ ಅವಳೇ ರಂಗವನ್ನೇರಿದಳು. ಅಂದಿನಿಂದ ಅವನ ಆಟದಲ್ಲಿ ಪ್ರೇಕ್ಷಕನು ‘ನಿಲ್ಲಿಸಿರಿ’ ಎಂದು ಕೂಗಿ ಪಾತ್ರವನ್ನು ತಾನೇ ವಹಿಸಿಕೊಳ್ಳಬಹುದೆಂದಾಯಿತು.

ದೆಹಲಿಯ ಯುನಿವರ್ಸಿಟಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ಡಾ. ಸತೇಂದ್ರ ಸಿಂಗ್ ಮೊದಲಾದ ಅಧ್ಯಾಪಕರು ಈ ಪದ್ಧತಿಯನ್ನು ವೈದ್ಯ ವಿದ್ಯಾರ್ಥಿಗಳ ನಡುವೆ ತಂದರು. ಡಾ. ಸಿಂಗ್ ಅವರು ಸ್ವತಃ ಪೋಲಿಯೋ ಪೀಡಿತರಾದವರು. 2019ರ ವೈದ್ಯ ಪಠ್ಯಕ್ರಮದಲ್ಲಿ ಅಂಗವೈಕಲ್ಯದ ಪಾಠಕ್ಕೆ ಎಡೆ ದೊರೆತುದರಿಂದ, ನಮ್ಮ ನಾಡಿನ ಕಾಲೇಜುಗಳಿಗೂ ಈ ಮಾತು ಸಲ್ಲುತ್ತದೆ.

ಇಂಥದೊಂದು ಆಟವನ್ನು ಮನಸ್ಸಿಗೆ ತಂದುಕೊಳ್ಳಿರಿ. ಗಾಲಿಕುರ್ಚಿಯಲ್ಲಿ ಇಪ್ಪತ್ತರ ತರುಣ. ಮಾತು ತಡವರಿಸುತ್ತದೆ, ಬುದ್ಧಿ ಚುರುಕು. ವೈದ್ಯನು ತಾಯಿಯನ್ನು ಕೇಳುತ್ತಾನೆ: “ಇವನಿಗೆ ನಿದ್ರೆ ಬರುತ್ತದೆಯೇನಮ್ಮ?” ತರುಣನು ಬಾಯಿ ತೆರೆಯುವಷ್ಟರಲ್ಲಿ ತಾಯಿ ಉತ್ತರ ಕೊಟ್ಟಾಗಿದೆ. ಪಕ್ಕದಲ್ಲಿ ಕಿರಿಯ ವೈದ್ಯನೊಬ್ಬ ಸುಮ್ಮನೆ ನಿಂತಿದ್ದಾನೆ. ‘ನಿಲ್ಲಿಸಿರಿ’ ಎಂದು ವಿದ್ಯಾರ್ಥಿಯೊಬ್ಬನು ಎದ್ದು ಆ ಕಿರಿಯನ ಸ್ಥಾನಕ್ಕೆ ಬರುತ್ತಾನೆ. ಬಗ್ಗಿ, ಮಗುವನ್ನು ಮಾತಾಡಿಸುವಂತೆ ದನಿಯೆತ್ತಿ ಕೇಳುತ್ತಾನೆ. ತರುಣನು ಮುಖ ತಿರುಗಿಸುತ್ತಾನೆ. ಇನ್ನೊಬ್ಬಳು ಬಂದು ತಾಯಿಯನ್ನು ಹೊರಗೆ ಹೋಗೆನ್ನುತ್ತಾಳೆ. ಇಪ್ಪತ್ತು ವರ್ಷ ಹೊತ್ತು ತಿರುಗಿದ ಆ ತಾಯಿಯ ಕಣ್ಣು ತುಂಬುತ್ತದೆ. ಮೂರನೆಯವನು ತರುಣನ ಅನುಮತಿ ಕೇಳಿ, ತಾಯಿಗೆ ವಿನಯದಿಂದ ಕಾರಣ ಹೇಳಿ, ಕುರ್ಚಿಯ ಎತ್ತರಕ್ಕೆ ಕುಳಿತು ಕಾಯುತ್ತಾನೆ. ಅರ್ಧ ನಿಮಿಷದ ಆ ಮೌನವು ಸಭೆಗೆ ಅಸಹನೀಯವೆನಿಸುತ್ತದೆ. ಬಳಿಕ ಬಂದ ಪ್ರಶ್ನೆಯು ನಿದ್ರೆಯದಲ್ಲ: ನಾನು ಮದುವೆಯಾಗಬಹುದೇ?

ತಾಯಿಯ ಮುಂದೆ ಅವನು ಅದನ್ನು ಎಂದಿಗೂ ಕೇಳುತ್ತಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಇಂಥವನಿಗೆ ಇತರರಿಗೆ ಸಮನಾದ ಅಧಿಕಾರವನ್ನು ಕೊಟ್ಟಿದೆ. ನಡೆಯಲಾರದ ಮಾತ್ರಕ್ಕೆ ಚಿಕಿತ್ಸೆಗೆ ಸಮ್ಮತಿ ಕೊಡುವ ಹಕ್ಕು ಅವನ ಕೈಬಿಟ್ಟು ಹೋಗುವದಿಲ್ಲ. ಇದನ್ನು ಓದಿ ಪರೀಕ್ಷೆ ಗೆದ್ದವರೇ ರಂಗದ ಮೇಲೆ ತಾಯಿಯ ಕಡೆಗೆ ತಿರುಗುತ್ತಾರೆಂಬುದು ವಿಚಾರಮಾಡತಕ್ಕ ಸಂಗತಿ.

ಒಂದು ಎಚ್ಚರಿಕೆಯುಂಟು. ಆ ತರುಣನ ಪಾತ್ರವನ್ನು ಕೈಕಾಲು ನೆಟ್ಟಗಿರುವ ವಿದ್ಯಾರ್ಥಿಯು ಸೊಟ್ಟಗೆ ಕುಳಿತು ಆಡಿದರೆ ಅದು ಅಣಕವಾಗುತ್ತದೆ. ಹೆಚ್ಚೆಂದರೆ ಕನಿಕರ ಹುಟ್ಟೀತು. ಅಂಗವಿಕಲನೇ ಆ ಕುರ್ಚಿಯಲ್ಲಿದ್ದು, ಕಥೆಯನ್ನು ತಾನೇ ಕಟ್ಟಿ, ಯಾವ ಉತ್ತರ ತನಗೆ ಒಪ್ಪಿತು, ಯಾವುದು ಒಪ್ಪಲಿಲ್ಲವೆಂದು ವೈದ್ಯರಿಗೆ ಹೇಳಬೇಕು. ಅದಕ್ಕಾಗಿ ಅವನು ಮೊದಲು ರಂಗವನ್ನೇರಬೇಕಷ್ಟೆ. ನಮ್ಮ ಬಹುತೇಕ ಸಭಾಮಂದಿರಗಳ ವೇದಿಕೆಗೆ ಇರುವುದು ಮೆಟ್ಟಿಲು ಮಾತ್ರ.